ಮದ, ಅಮಲು, ಎಚ್ಚರ: ಕೆಲವು ಕನ್ನಡ ಶಬ್ದಗಳ ಚರಿತ್ರೆ

ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಜಯನಗರಕ್ಕೆ ಸಮೀಪವಾಗಿ, ಹೊಸೂರು ರಸ್ತೆಯ ಮೇಲೆ ನಿಮ್ಹಾನ್ಸ್ ಎಂದು ಪ್ರಸಿದ್ಧವಾಗಿರುವ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆಯುಂಟು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪಿತವಾಗಿ, 1974ರಲ್ಲಿ ಅದೂ ಮಾನಸಿಕ ಆಸ್ಪತ್ರೆಯೂ ಒಂದಾಗಿ ಈಗಿನ ರೂಪವನ್ನು ತಾಳಿದುವು. ಮದ್ಯವ್ಯಸನಕ್ಕೆ ಚಿಕಿತ್ಸೆ ನಡೆಯುವ ಸ್ಥಾನಗಳಲ್ಲಿ ಇದು ನಾಡಿಗೆಲ್ಲ ಮುಖ್ಯವಾದುದು. ನಾನಾ ಜಿಲ್ಲೆಗಳಿಂದ ಬರುವ ರೋಗಿಗಳೂ ಅವರ ಮನೆಯವರೂ ಇಲ್ಲಿ ತಮ್ಮ ಸ್ಥಿತಿಯನ್ನು ಕನ್ನಡದಲ್ಲಿಯೇ ಹೇಳಿಕೊಳ್ಳಬೇಕು. ವೈದ್ಯರ ಬರಹವಾದರೋ ಇಂಗ್ಲಿಷಿನಲ್ಲಿರುತ್ತದೆ. ಆ ಭಾಷೆಯ 'ಸೋಬರ್' ಎಂಬ ಒಂದು ಶಬ್ದವನ್ನು ಕನ್ನಡದಲ್ಲಿ ಹೇಳಬೇಕಾದಾಗ ಒಬ್ಬರು 'ಕುಡಿದಿಲ್ಲ' ಎನ್ನುವರು, ಮತ್ತೊಬ್ಬರು 'ಬಿಟ್ಟಿದ್ದಾನೆ' ಎನ್ನುವರು, ಇನ್ನೊಬ್ಬರು 'ಈಗ ಸರಿಯಾಗಿದ್ದಾನೆ' ಎನ್ನುವರು. ಈ ಮೂರು ಮಾತುಗಳ ಅರ್ಥವು ಒಂದೇ ಅಲ್ಲ. ಮೊದಲನೆಯದು ಈ ಹೊತ್ತಿನ ದೇಹಸ್ಥಿತಿ. ಎರಡನೆಯದು ಒಂದು ನಿರ್ಧಾರ. ಮೂರನೆಯದು ಬಾಳಿನ ನಡೆ. ಈ ಭೇದವನ್ನು ಕನ್ನಡವು ಯಾವ ಯಾವ ಶಬ್ದಗಳಿಂದ ಗುರುತಿಸಿಕೊಂಡು ಬಂದಿದೆ, ಆ ಶಬ್ದಗಳು ಎಲ್ಲಿಂದ ಬಂದುವು ಎಂಬುದೇ ಇಲ್ಲಿಯ ವಿಚಾರ.

ಮೊದಲು 'ಕುಡಿ' ಎಂಬ ಧಾತುವನ್ನು ನೋಡತಕ್ಕದ್ದು. ನೀರು, ಹಾಲು, ಮಜ್ಜಿಗೆ, ಕಾಫಿ ಎಲ್ಲಕ್ಕೂ ಈ ಧಾತುವೇ ಸಲ್ಲುತ್ತದೆ. ಆದರೆ ಕರ್ಮಪದವನ್ನು ಬಿಟ್ಟು 'ಅವನು ಕುಡಿಯುತ್ತಾನೆ' ಎಂದರೆ ಕೇಳಿದವರು ಮದ್ಯವನ್ನೇ ತಿಳಿಯುವರು. 'ಕುಡಿತ' ಎಂಬ ಭಾವನಾಮವೂ 'ಕುಡುಕ' ಎಂಬ ಕರ್ತೃನಾಮವೂ ಮದ್ಯಕ್ಕೇ ಮೀಸಲಾದುವು. ದಿನಕ್ಕೆ ಹತ್ತು ಸಾರಿ ಕಾಫಿಯನ್ನು ಕುಡಿಯುವವನನ್ನು ಯಾರೂ ಬರಿದೆ ಕುಡುಕನೆನ್ನರು. ಸಂಸ್ಕೃತದ 'ಪಾ' ಧಾತುವಿನ ಗತಿಯೂ ಹೀಗೆಯೇ. ಶ್ರೀರಾಮನವಮಿಯ 'ಪಾನಕ'ವು ಬೆಲ್ಲದ ನೀರು. 'ಪಾನಗೋಷ್ಠಿ', 'ಪಾನಮತ್ತ' ಎಂಬಲ್ಲಿಯ 'ಪಾನ'ವು ಮದ್ಯ. ಒಂದು ಕ್ರಿಯೆಯ ಸಾಮಾನ್ಯನಾಮವು ಅದರ ಒಂದು ವಿಶೇಷಕ್ಕೆ ಕಟ್ಟುಬೀಳುವುದು ಅರ್ಥಸಂಕೋಚವೆಂದು ಶಬ್ದಶಾಸ್ತ್ರಜ್ಞರಿಗೆ ವಿದಿತವಾಗಿದೆ. ಜನರು ಯಾವುದನ್ನು ಬಾಯಿಬಿಟ್ಟು ಹೇಳಲು ಸಂಕೋಚಪಡುವರೋ ಅದಕ್ಕೆ ಸಾಮಾನ್ಯಶಬ್ದದ ಮರೆಯನ್ನು ಕೊಡುವರು. ಕಾಲಕ್ರಮದಲ್ಲಿ ಆ ಮರೆಯೇ ವಾಚ್ಯಾರ್ಥವಾಗುವುದು. ಈಗ ಬೆಂಗಳೂರಿನ ಆಡುಮಾತಿನಲ್ಲಿ 'ಎಣ್ಣೆ', 'ಗುಂಡು', 'ತೀರ್ಥ' ಎಂಬ ಶಬ್ದಗಳು ಮದ್ಯಕ್ಕೆ ಸಲ್ಲುತ್ತಿರುವುದೂ ಈ ದಾರಿಯಲ್ಲಿಯೇ.

ಪಾನೀಯದ ಹೆಸರುಗಳಾದರೋ ಬಹುವಾಗಿವೆ. 'ಕಳ್' ಎಂಬುದು ಅಚ್ಚಗನ್ನಡ. ತಮಿಳು, ಮಲೆಯಾಳ, ತೆಲುಗುಗಳಲ್ಲಿಯೂ ಇದರ ಜ್ಞಾತಿಗಳಿವೆ. ಹಳೆಯ ಮೈಸೂರಿನಲ್ಲಿ ಈಚಲಮರದಿಂದ ಇಳಿಸಿದುದಕ್ಕೆ 'ಹೆಂಡ'ವೆಂಬ ಹೆಸರು ರೂಢವಾಯಿತು. ಉತ್ತರದ ಜಿಲ್ಲೆಗಳಲ್ಲಿ ಅದೇ 'ಸೇಂದಿ'. ಕಾಯಿಸಿ ಬಟ್ಟಿ ಇಳಿಸಿದುದು 'ಸಾರಾಯಿ'. ಇದು ಅರಬ್ಬಿಯ 'ಶರಾಬ್' ಎಂಬುದರ ಸಂಬಂಧಿ, ಅಲ್ಲಿಯೂ ಅದರ ಮೂಲಾರ್ಥವು ಕುಡಿಯುವಂಥದು ಎಂದಿಷ್ಟೆ. ಈ ವ್ಯಾಪಾರದ ತೆರಿಗೆಯನ್ನು ನೋಡಿಕೊಳ್ಳುವ ಸರ್ಕಾರದ ಇಲಾಖೆಗೆ ಇಂದಿಗೂ 'ಅಬಕಾರಿ' ಎಂದು ಹೆಸರು. ಪಾರಸಿಯಲ್ಲಿ 'ಆಬ್' ಎಂದರೆ ನೀರು, 'ಕಾರಿ' ಎಂದರೆ ಕೆಲಸ. ನೀರಿನ ಕೆಲಸವೆಂಬ ನಿರಪರಾಧಿಯಾದ ಹೆಸರಿನೊಳಗೆ ಭಟ್ಟಿಯ ಬೆಂಕಿಯು ಅಡಗಿದೆ. ಸಂಸ್ಕೃತದಲ್ಲಿ ಅಮರಸಿಂಹನು ತನ್ನ ಕೋಶದ ಎರಡನೆಯ ಕಾಂಡದ ಶೂದ್ರವರ್ಗದಲ್ಲಿ ಮದ್ಯಕ್ಕೆ 12ಕ್ಕೆ ಮೇಲ್ಪಟ್ಟ ಹೆಸರುಗಳನ್ನು ಕೊಟ್ಟಿರುವನು. ಅವುಗಳಲ್ಲಿ 'ಪ್ರಸನ್ನಾ' ಎಂಬುದೊಂದು. ಗಸಿಯು ಕೆಳಗೆ ನಿಂತು ಮೇಲೆ ತಿಳಿಯಾದ ಮದ್ಯಕ್ಕೆ ಆ ಹೆಸರು. ಕೌಟಲ್ಯನೂ ಅದನ್ನು ಮದ್ಯಭೇದಗಳಲ್ಲಿ ಎಣಿಸಿದ್ದಾನೆ. ಕಲಕಿಲ್ಲದ ನೀರಿಗೂ ಕಲಕಿಲ್ಲದ ಮನಸ್ಸಿಗೂ ಸಲ್ಲುವ ಶಬ್ದವು ಮನಸ್ಸನ್ನು ಕಲಕುವ ವಸ್ತುವಿಗೂ ಸಂದಿರುವುದು ಗಮನಿಸತಕ್ಕ ವಿಷಯ.

ಇನ್ನು ಕುಡಿದುದರ ಫಲವಾದ ಸ್ಥಿತಿಯನ್ನು ಹೇಳುವ ಶಬ್ದಗಳು. ಇವುಗಳಲ್ಲಿ ಪ್ರಧಾನವಾದುದು 'ಮದ'. ಇದರ ಮೂಲವಾದ 'ಮದ್' ಧಾತುವಿಗೆ ಧಾತುಪಾಠದಲ್ಲಿ ಹೇಳಿರುವ ಅರ್ಥವು ಹರ್ಷ. ಹರ್ಷವು ಹೆಚ್ಚಿ ತನ್ನನ್ನು ತಾನು ಮರೆಯುವಂತಾದರೆ ಮದ. ಆನೆಯ ಕಪೋಲದಿಂದ ಸುರಿಯುವ ಜಲವೂ ಮದ. ಕುಲ ಬಲ ರೂಪಗಳಿಂದುಂಟಾಗುವ ಗರ್ವವೂ ಮದ. ಅರಿಷಡ್ವರ್ಗದಲ್ಲಿಯೂ ಜೈನರ ಅಷ್ಟಮದಗಳಲ್ಲಿಯೂ ಇರುವುದು ಈ ಮೂರನೆಯ ಅರ್ಥ. ಅಚ್ಚಗನ್ನಡದ 'ಸೊರ್ಕು' ಎಂಬ ಶಬ್ದದಲ್ಲಿಯೂ ಈ ಮೂರು ಅರ್ಥಗಳೇ ಕಾಣಬರುತ್ತವೆ. ಕುಡಿದವನ ಸೊರ್ಕು, ಸೊರ್ಕಾನೆಯ ಸೊರ್ಕು, ಧನಿಕನ ಸೊರ್ಕು. 'ಮರ್ದು' ಎಂಬುದು 'ಮದ್ದು' ಆದಂತೆ, 'ಇರ್ಪತ್ತು' ಎಂಬುದು 'ಇಪ್ಪತ್ತು' ಆದಂತೆ, ರೇಫವು ಮುಂದಣ ವ್ಯಂಜನದಲ್ಲಿ ಲೀನವಾಗಿ ಸೊರ್ಕು 'ಸೊಕ್ಕು' ಆಯಿತು. ಹೊಸಗನ್ನಡದಲ್ಲಿ ಗರ್ವವೆಂಬ ಅರ್ಥವು ಮುಂದಾಗಿ, ಪಾನದ ಅರ್ಥವು ಬಹುಮಟ್ಟಿಗೆ ಹಿಂದೆ ಸರಿದಿದೆ. ಸಂಸ್ಕೃತವೂ ಕನ್ನಡವೂ ಬೇರೆ ಬೇರೆ ಬೇರುಗಳಿಂದ ಒಂದೇ ಕಡೆಗೆ ಬಂದು ನಿಂತಿವೆ: ಕುಡಿದವನೂ ಗರ್ವಿಯೂ ಒಂದೇ ದೋಷದಿಂದ ಕೆಟ್ಟವರು. ಈ ಅಭಿಪ್ರಾಯದಂತೆ ಮದಕ್ಕೆ ವಿರುದ್ಧವಾದುದು ಬರಿಯ ಅಪಾನವಲ್ಲ, ವಿನಯ.

'ಅಮಲು' ಎಂಬ ಶಬ್ದದ ಕಥೆಯು ಇನ್ನೂ ವಿಚಿತ್ರವಾದುದು. ಅರಬ್ಬಿಯ 'ಅಮಲ್' ಎಂದರೆ ಕೆಲಸ, ಆಚರಣೆ. ಅದು ಪಾರಸಿಯ ಆಡಳಿತಭಾಷೆಯ ಮೂಲಕ ದಕ್ಷಿಣಕ್ಕೆ ಬಂದು ಅಧಿಕಾರ, ಆಳಿಕೆ ಎಂಬ ಅರ್ಥವನ್ನು ತಾಳಿತು. ಹಳೆಯ ಮೈಸೂರಿನಲ್ಲಿ ತಾಲ್ಲೂಕಿನ ಅಧಿಕಾರಿಯು 'ಅಮಲ್ದಾರ'. ಹೊಸ ಕಾಯಿದೆಯು 'ಅಮಲಿಗೆ' ಬರುವುದು. ಇದೇ ಶಬ್ದವು ಕುಡಿದವನ ಸ್ಥಿತಿಗೂ ಹೆಸರಾಯಿತು. ವಸ್ತುವು ದೇಹದಲ್ಲಿ ತನ್ನ ಕೆಲಸವನ್ನು ನಡೆಸುವುದು, ಅರ್ಥಾತ್ ತನ್ನ ಅಧಿಕಾರವನ್ನು ಚಲಾಯಿಸುವುದು, ಅಮಲು. ಈ ಎರಡು ಅರ್ಥಗಳನ್ನು ಒಟ್ಟಿಗೆ ನೆನೆದರೆ ಅಮಲೇರಿದವನು ಪರರ ಆಳಿಕೆಗೆ ಒಳಗಾದ ನಾಡಿನಂತಿರುವನು. 'ನಿಶೆ' ಎಂಬುದೂ ಅರಬ್ಬಿಯ ಮೂಲದ್ದು. ರಾತ್ರಿಯೆಂಬ ಅರ್ಥದ ಸಂಸ್ಕೃತ 'ನಿಶಾ' ಶಬ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಅಂತೆಯೇ ಮಂಪರೆಂಬ ಅರ್ಥದ 'ಮತ್ತು' ಸಂಸ್ಕೃತದ ಮತ್ತಶಬ್ದದಿಂದಾದುದು. ಎರಡು ಪದಗಳನ್ನು ಕೂಡಿಸುವ 'ಮತ್ತು' ದೇಶ್ಯವಾದುದು, 'ಮತ್ತೆ', 'ಮತ್ತೊಂದು' ಎಂಬವುಗಳ ಬಂಧು. ರೂಪಸಾಮ್ಯವನ್ನು ನೋಡಿ ಮೂಲೈಕ್ಯವನ್ನು ಊಹಿಸಲಾಗದು.

ಈ ಶಬ್ದಗಳೊಡನೆ ಬರುವ ಕ್ರಿಯಾಪದಗಳನ್ನೂ ಗಮನಿಸಬೇಕು. ಅಮಲು 'ಏರು'ವುದು, 'ಇಳಿ'ಯುವುದು. ಹೆಂಡವನ್ನು ಮರದಿಂದ 'ಇಳಿಸು'ವರು. ಸಾರಾಯಿಯನ್ನು ಭಟ್ಟಿ 'ಇಳಿಸು'ವರು. ಮೇಲಿನಿಂದ ಇಳಿದುದು ಕುಡಿದವನ ತಲೆಗೆ ಏರಿ, ಕಡೆಗೆ ಮತ್ತೆ ಇಳಿಯಬೇಕು. ಅಮಲಿಳಿದ ಮೇಲೆ ಉಳಿಯುವ ಸ್ಥಿತಿಗೆ ಮಾತ್ರ ಈ ವಾಕ್ಯಗಳಲ್ಲಿ ಹೆಸರಿಲ್ಲ. ಅದು ಬರಿಯ ನೆಲವೆಂಬಂತೆ ಸುಮ್ಮನೆ ಬಿಟ್ಟಿದೆ. ಅಮರಕೋಶದಲ್ಲಿಯೂ ಹೀಗೆಯೇ, ಮತ್ತ, ಶೌಂಡ, ಉತ್ಕಟ, ಕ್ಷೀಬ ಎಂದು ಕುಡಿದವನಿಗೆ ನಾಲ್ಕು ಹೆಸರುಗಳನ್ನು ಹೇಳಿ ಕೋಶಕಾರನು ಬೇರೆ ವಿಷಯಕ್ಕೆ ಹೊರಡುವನು, ಪಕ್ಕದಲ್ಲಿ ಕುಡಿಯದವನ ಹೆಸರುಗಳ ಗುಂಪಿಲ್ಲ.

ಇದು ಕನ್ನಡ ಸಂಸ್ಕೃತಗಳ ಕೊರತೆಯೆಂದು ಭಾವಿಸಕೂಡದು. ಇಂಗ್ಲಿಷಿನ 'ಸೋಬರ್' ಎಂಬುದರ ಮೂಲವಾದ ಲ್ಯಾಟಿನ್ 'ಸೋಬ್ರಿಯುಸ್' ಎಂಬುದು ಮತ್ತನೆಂಬ ಅರ್ಥದ 'ಏಬ್ರಿಯುಸ್' ಶಬ್ದಕ್ಕೆ ಅಭಾವಾರ್ಥದ ಉಪಸರ್ಗವು ಸೇರಿ ಆದುದು. ಮತ್ತನಲ್ಲದವನು ಎಂದೇ ಅದರ ಅರ್ಥ. ಜರ್ಮನ್ ಭಾಷೆಯ 'ನ್ಯೂಖ್ಟರ್ನ್' ಎಂಬುದು ರಾತ್ರಿಯನ್ನು ಹೇಳುವ ಲ್ಯಾಟಿನ್ ಶಬ್ದದಿಂದ ಬಂದು, ರಾತ್ರಿ ಕಳೆದು ಇನ್ನೂ ಏನನ್ನೂ ಸೇವಿಸದೆ ಬರಿಹೊಟ್ಟೆಯಲ್ಲಿರುವವನೆಂಬ ಅರ್ಥವನ್ನು ಪಡೆಯಿತು. ಅರಬ್ಬಿಯು ಮಾತ್ರ ಬೇರೆ ದಾರಿಯನ್ನು ಹಿಡಿದಿದೆ. ಅಲ್ಲಿಯ 'ಸಹ್ವ್' ಎಂದರೆ ಮೋಡವಿಲ್ಲದೆ ಬಾನು ತಿಳಿಯಾಗುವುದು. ಅದೇ ಅಮಲಿಳಿದ ಸ್ಥಿತಿಯ ಹೆಸರು. ಸೂಫಿಗಳಲ್ಲಿ ಬಾಯಜೀದ್ ಬಿಸ್ತಾಮಿಯ ಹೆಸರಿನೊಡನೆ ಭಗವತ್ಪ್ರೇಮದ ಮತ್ತತೆಯೂ ಬಾಗ್ದಾದಿನ ಜುನೈದನ ಹೆಸರಿನೊಡನೆ ಈ ತಿಳಿಸ್ಥಿತಿಯೂ ಸೇರಿಬಂದು, ಎರಡರ ತಾರತಮ್ಯವು ಒಂದು ದೊಡ್ಡ ಚರ್ಚೆಯಾಗಿ ಬೆಳೆದುದು ಪ್ರಸಿದ್ಧವಾಗಿದೆ.

ಕನ್ನಡಕ್ಕೆ ಸ್ವಂತವಾದ ಶಬ್ದಗಳು ಈ ಎರಡನೆಯ ದಾರಿಗೇ ಸೇರಿದುವು. ಒಂದು 'ತಿಳಿ'. ತಿಳಿನೀರು, ತಿಳಿಸಾರು, ತಿಳಿಗೊಳ ಎಂಬಲ್ಲಿ ಇದು ನಿರ್ಮಲತೆ; ತಿಳಿವು, ತಿಳಿವಳಿಕೆ ಎಂಬಲ್ಲಿ ಜ್ಞಾನ; 'ಮೈತಿಳಿ' ಎಂಬ ಸಮಾಸದಲ್ಲಿ ಮೂರ್ಛೆಯಿಂದಲೋ ಮಂಪರಿನಿಂದಲೋ ಮರಳುವುದು. ನೀರನ್ನು ಯಾರೂ ತಿಳಿಮಾಡಲಾರರು. ಕಲಕುವುದನ್ನು ನಿಲ್ಲಿಸಿದರೆ ತಾನಾಗಿ ತಿಳಿಯಾಗುವುದು, ಅದಕ್ಕೆ ಹೊತ್ತು ಬೇಕು. ಮದ್ಯವನ್ನು ಬಿಟ್ಟವನ ಮನಸ್ಸಿಗೂ ಈ ನ್ಯಾಯವು ಸಲ್ಲುವುದೆಂದು ಚಿಕಿತ್ಸಕರು ಬಲ್ಲರು. ಇನ್ನೊಂದು 'ಎಚ್ಚರ'. ಹಳಗನ್ನಡದ 'ಎೞ್ಚಱು' ಧಾತುವು ಏಳುವುದೆಂಬ ಅರ್ಥದ 'ಎೞ್' ಎಂಬುದಕ್ಕೆ ಸೇರಿದುದು. ಭೂತಕಾಲದಲ್ಲಿ 'ಎೞ್ಚತ್ತು', ಅದರಿಂದ ಈಗಿನ 'ಎಚ್ಚತ್ತು'. ನಿದ್ದೆಯಿಂದೇಳುವುದು ಎಂಬ ಅರ್ಥದಿಂದ ಹೊರಟ ಈ ಶಬ್ದವು ಪ್ರಜ್ಞೆ, ಜಾಗರೂಕತೆ, ಅಪಾಯಸೂಚನೆ ಎಂಬ ಅರ್ಥಗಳನ್ನು ಒಂದರ ಮೇಲೊಂದಾಗಿ ಪಡೆಯಿತು. ಕುಡಿದು ಬಿದ್ದವನಿಗೆ 'ಮೈಮೇಲೆ ಎಚ್ಚರವಿಲ್ಲ' ಎಂದೇ ಜನರು ಹೇಳುವರು. ಹೀಗಿರಲು ಎಚ್ಚರವಿರುವುದು ಎಂಬುದೇ ಅಮಲಿಲ್ಲದ ಸ್ಥಿತಿಗೆ ನಾಡಿನವರು ಕೊಟ್ಟಿರುವ ಹೆಸರೆಂದು ಹೇಳಬಹುದು. ಇದಕ್ಕೆ ಎದುರಾದುದು 'ಮೈಮರೆವು'. ವಚನಕಾರರು ಬಳಸುವ 'ಅರಿವು', 'ಮರವೆ' ಎಂಬ ಜೋಡಿಯೂ ಈ ಸಾಲಿನದೇ.

ಈ ದೇಶ್ಯಶಬ್ದಗಳ ಪಕ್ಕದಲ್ಲಿ ಶಾಸ್ತ್ರದಿಂದ ಬಂದ 'ಅಪ್ರಮಾದ'ವನ್ನು ಇಡತಕ್ಕದ್ದು. 'ಪ್ರಮಾದ'ವೆಂದರೆ ಈಗಿನ ಕನ್ನಡದಲ್ಲಿ ತಪ್ಪು ಅಥವಾ ಅಪಾಯ. ಮೂಲದಲ್ಲಿ ಅದು ಮದ್‌ಧಾತುವಿಗೇ 'ಪ್ರ' ಉಪಸರ್ಗವು ಸೇರಿ ಆದುದು, ಮತ್ತತೆಯಿಂದಾದ ಅನವಧಾನ. ಬೌದ್ಧರ ಪಂಚಶೀಲಗಳಲ್ಲಿ ಐದನೆಯದು ಸುರೆ ಮೊದಲಾದುವನ್ನು ಬಿಡಿಸುವಾಗ ಅವು ಪ್ರಮಾದಕ್ಕೆ ಆಸ್ಪದವೆಂಬ ಕಾರಣವನ್ನೂ ಹೇಳುತ್ತದೆ. ಜೈನರು ಶ್ರಾವಕನ ಮೂಲಗುಣಗಳಲ್ಲಿ ಮದ್ಯ ಮಾಂಸ ಮಧುಗಳ ತ್ಯಾಗವನ್ನು ಎಣಿಸಿದರು. ಸಪ್ತವ್ಯಸನಗಳಲ್ಲಿ ಮದ್ಯವನ್ನೂ ಸೇರಿಸಿದರು. ಹದಿನಾಲ್ಕು ಗುಣಸ್ಥಾನಗಳಲ್ಲಿ ಆರನೆಯದನ್ನು 'ಪ್ರಮತ್ತಸಂಯತ'ವೆಂದೂ ಏಳನೆಯದನ್ನು 'ಅಪ್ರಮತ್ತಸಂಯತ'ವೆಂದೂ ಕರೆದರು. ಈ ಕ್ರಮದಲ್ಲಿ ಸೂಕ್ಷ್ಮವಾದ ವಿವೇಚನೆಯುಂಟು. ಆರನೆಯ ಮೆಟ್ಟಿಲಿನಲ್ಲಿರುವವನೂ ಸಂಯತನೇ, ಎಂದರೆ ವ್ರತಗಳನ್ನು ಹಿಡಿದವನೇ. ಆದರೂ ಅವನಲ್ಲಿ ಪ್ರಮಾದವು ಉಳಿದಿದೆ. ಬಿಡುವುದು ಬೇರೆ, ಎಚ್ಚರಗೊಳ್ಳುವುದು ಬೇರೆ. ಮೊದಲನೆಯದು ಎರಡನೆಯದಕ್ಕೆ ಅವಶ್ಯವಾದರೂ ಅದೇ ಇದಲ್ಲ. ವ್ಯಸನಚಿಕಿತ್ಸೆಯಲ್ಲಿ ಪಾನವನ್ನು ನಿಲ್ಲಿಸಿದ ಅವಸ್ಥೆಯನ್ನೂ ಬಾಳು ಸರಿಹೋದ ಅವಸ್ಥೆಯನ್ನೂ ಬೇರ್ಪಡಿಸಿ ಹೇಳುವುದುಂಟು. ಆ ಭೇದಕ್ಕೆ ಬೇಕಾದ ಪರಿಭಾಷೆಯು ಇಲ್ಲಿಯ ಶಾಸ್ತ್ರಗಳಲ್ಲಿ ಮೊದಲೇ ಇದೆ.

ಕಾವ್ಯವಾದರೋ ಬೇರೆ ನಿಯಮಕ್ಕೆ ಒಳಪಟ್ಟುದು. ದಂಡಿಯು ಮಹಾಕಾವ್ಯದಲ್ಲಿರಬೇಕಾದ ವರ್ಣನೆಗಳಲ್ಲಿ ಮಧುಪಾನವನ್ನೂ ಎಣಿಸಿದ್ದಾನೆ. ಆದಕಾರಣ ಮದ್ಯತ್ಯಾಗವನ್ನು ಧರ್ಮವೆಂದು ನಂಬಿದ ಜೈನಕವಿಗಳೂ ಪಾನಗೋಷ್ಠಿಯನ್ನು ವರ್ಣಿಸಿದರು. 10ನೆಯ ಶತಮಾನದ ಪಂಪಭಾರತದಲ್ಲಿಯೂ ಅಂಥ ವರ್ಣನೆಯುಂಟು. ಅಮಲಿನ ಶಬ್ದಸಂಪತ್ತು ಕಾವ್ಯದಲ್ಲಿ ಬೆಳೆದು, ಎಚ್ಚರದ ಶಬ್ದಸಂಪತ್ತು ಶಾಸ್ತ್ರದಲ್ಲಿ ಬೆಳೆಯಿತೆಂದರೆ ತಪ್ಪಾಗಲಾರದು. ಈ ಎರಡು ಧಾರೆಗಳು ಒಬ್ಬನಲ್ಲಿಯೇ ಕೂಡಿರುವುದನ್ನು 12ನೆಯ ಶತಮಾನದ ಹೆಂಡದ ಮಾರಯ್ಯನಲ್ಲಿ ಕಾಣಬಹುದು. ಇವನು ಹೆಂಡವನ್ನು ಮಾರುವ ಕಾಯಕದಿಂದ ಬಂದು ಶರಣನಾದವನು; ಧರ್ಮೇಶ್ವರಲಿಂಗವೆಂಬುದು ಇವನ ಅಂಕಿತ. ತನ್ನ ವೃತ್ತಿಯ ಮಾತುಗಳನ್ನೇ ತಿರುಗಿಸಿ ಇವನು ಅರಿವನ್ನು ಹೇಳಿದನು. ಹೆಂಡವೆಂಬ ಶಬ್ದವು ಇವನ ಹೆಸರಿನಿಂದ ಕಳಚಲಿಲ್ಲ. ಆದರೆ ಆ ಹೆಸರನ್ನು ಹೇಳುವಾಗ ಇಂದಿಗೂ ಯಾರೂ ಅವಹೇಳನ ಮಾಡುವುದಿಲ್ಲ. 20ನೆಯ ಶತಮಾನದಲ್ಲಿ ಜಿ. ಪಿ. ರಾಜರತ್ನಂ ಅವರು ಕುಡುಕ ರತ್ನನನ್ನು ಸೃಷ್ಟಿಸಿ, ಹಕಾರವನ್ನು ಬಿಟ್ಟು 'ಎಂಡ'ವೆನ್ನುವ ಆಡುಮಾತಿನಲ್ಲಿಯೇ ಅವನಿಂದ ವಿವೇಕದ ಮಾತುಗಳನ್ನಾಡಿಸಿದರು. ಜನರು ಯಾರ ಮಾತಿಗೆ ಕಿವಿಗೊಡರೋ ಅವನ ಬಾಯಲ್ಲಿಯೇ ತಿಳಿವನ್ನಿಡುವ ಈ ಕ್ರಮವು ಕನ್ನಡಕ್ಕೆ ಹಳೆಯದು.

'ವ್ಯಸನ'ವೆಂಬ ಶಬ್ದವನ್ನು ಪ್ರತ್ಯೇಕವಾಗಿ ವಿಚಾರಿಸಬೇಕಾಗಿದೆ. ಎಸೆಯುವುದೆಂಬ ಅರ್ಥದ 'ಅಸ್' ಧಾತುವಿಗೆ 'ವಿ' ಉಪಸರ್ಗವು ಸೇರಿ, ಒಳ್ಳೆಯ ದಾರಿಯಿಂದ ಎಸೆಯಲ್ಪಡುವುದು ವ್ಯಸನವಾಯಿತು. ಕೌಟಲ್ಯನ ಅರ್ಥಶಾಸ್ತ್ರದ ಎಂಟನೆಯ ಅಧಿಕರಣವು ವ್ಯಸನಗಳನ್ನೇ ಕುರಿತದ್ದು. ಈ ಗ್ರಂಥವು ಮೈಸೂರಿನ ಪ್ರಾಚ್ಯಪುಸ್ತಕಭಂಡಾರದಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ದೊರೆತು 1909ರಲ್ಲಿ ಅಚ್ಚಾಯಿತೆಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ. ಅಲ್ಲಿ ರಾಜ್ಯದ ಅಂಗಗಳಿಗೆ ಬರುವ ಕೇಡೂ ವ್ಯಸನ, ಪುರುಷನಿಗಂಟಿದ ಬೇಟೆ ಜೂಜು ಸ್ತ್ರೀ ಪಾನಗಳೂ ವ್ಯಸನ. ಸುರಾಧ್ಯಕ್ಷನೆಂಬ ಅಧಿಕಾರಿಯನ್ನು ನೇಮಿಸಿ ಮದ್ಯದಿಂದ ಆದಾಯವನ್ನು ಪಡೆಯುವ ಕ್ರಮವನ್ನೂ ಅದೇ ಗ್ರಂಥವು ಹೇಳುವುದು. ಪ್ರಜೆಯ ವ್ಯಸನವು ರಾಜ್ಯದ ಬೊಕ್ಕಸಕ್ಕೆ ಆಯವಾಗುವ ಈ ವಿರೋಧವು ಇಂದಿನದಲ್ಲ. ಕನ್ನಡದಲ್ಲಿ ವ್ಯಸನಕ್ಕೆ ಇನ್ನೊಂದು ಅರ್ಥವೂ ರೂಢವಾಗಿದೆ: ದುಃಖ. 'ವ್ಯಸನಪಡಬೇಡ' ಎಂದರೆ ಅಳಬೇಡ, ಕೊರಗಬೇಡ ಎಂದಭಿಪ್ರಾಯ. ಚಟವೂ ದುಃಖವೂ ಒಂದೇ ಶಬ್ದದಲ್ಲಿರುವುದು ಕುಡಿತದ ಮನೆಗಳನ್ನು ಕಂಡವರಿಗೆ ಆಶ್ಚರ್ಯವನ್ನುಂಟುಮಾಡದು. ಒಬ್ಬನ ವ್ಯಸನವು ಮೊದಲನೆಯ ಅರ್ಥದಲ್ಲಿ, ಮನೆಯವರೆಲ್ಲರ ವ್ಯಸನವು ಎರಡನೆಯ ಅರ್ಥದಲ್ಲಿ. 1964ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞಸಮಿತಿಯು ಹಳೆಯ ಶಬ್ದಗಳನ್ನು ಬಿಟ್ಟು ಅವಲಂಬನೆಯೆಂಬ ಅರ್ಥದ ಶಬ್ದವನ್ನು ಸೂಚಿಸಿತು. ಶಾಸ್ತ್ರಕ್ಕೆ ಅದು ಅನುಕೂಲವಾದುದು. ಆದರೆ ವ್ಯಸನಶಬ್ದದಲ್ಲಿರುವ ದುಃಖಾಂಶವು ಅದರಲ್ಲಿಲ್ಲ.

ಈಚಿನ ಶತಮಾನದಲ್ಲಿ ಈ ಶಬ್ದಗಳು ರಾಜಕೀಯಕ್ಕೆ ಪ್ರವೇಶಿಸಿದುವು. ಬೆಂಗಳೂರಿನ ದಕ್ಷಿಣದ ಬಡಾವಣೆಗಳ ಚರಿತ್ರೆಗೂ ಇದಕ್ಕೂ ಒಂದು ಸಂಬಂಧವುಂಟು. ಜಯನಗರಕ್ಕೆ 1948ರಲ್ಲಿ ಅಸ್ತಿಭಾರವನ್ನಿಟ್ಟವರು ಆಗ ಗವರ್ನರ್ ಜನರಲ್ ಆಗಿದ್ದ ಚಕ್ರವರ್ತಿ ರಾಜಗೋಪಾಲಾಚಾರ್ಯರು. ಹೊಸೂರಿನ ಸಮೀಪದ ತೊರಪಳ್ಳಿಯಲ್ಲಿ ಹುಟ್ಟಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಇವರು, ತಿರುಚೆಂಗೋಡಿನ ಆಶ್ರಮದಿಂದ ಪಾನದ ವಿರುದ್ಧವಾಗಿ 'ವಿಮೋಚನಂ' ಎಂಬ ತಮಿಳು ಪತ್ರಿಕೆಯನ್ನು ನಡೆಸಿದ್ದರು. ಮದ್ರಾಸಿನ ಪ್ರಧಾನಿಯಾಗಿದ್ದಾಗ 1937ರಲ್ಲಿ ಸೇಲಂ ಜಿಲ್ಲೆಯಲ್ಲಿ ಮೊದಲಾಗಿ ಪಾನನಿರೋಧವನ್ನು ಜಾರಿಗೆ ತಂದರು. ಪತ್ರಿಕೆಯ ಹೆಸರು ಬಿಡುಗಡೆಯನ್ನು ಹೇಳಿತು. ಶಾಸನವು ತಡೆಯನ್ನು ಮಾಡಿತು. ಒಬ್ಬ ಪುರುಷನ ಕೆಲಸದಲ್ಲಿಯೇ ಈ ಎರಡು ಭಾವನೆಗಳೂ ಇದ್ದುವು. ಸ್ವತಂತ್ರಭಾರತದ ಸಂವಿಧಾನದ 47ನೆಯ ಅನುಚ್ಛೇದವು ಪಾನನಿಷೇಧವನ್ನು ರಾಜ್ಯದ ಪ್ರಯತ್ನಕ್ಕೆ ವಿಷಯವೆಂದು ವಿಧಿಸಿತು. ಮೈಸೂರು ರಾಜ್ಯದಲ್ಲಿ 1961ರಲ್ಲಿ ನಿಷೇಧವನ್ನು ಕುರಿತ ಶಾಸನವೂ 1965ರಲ್ಲಿ ಅಬಕಾರಿಯನ್ನು ಕುರಿತ ಶಾಸನವೂ ಆದುವು. ನಾಲ್ಕು ವರ್ಷಗಳ ಅಂತರದಲ್ಲಿ ಒಂದೇ ವಿಧಾನಮಂಡಲವು ತಡೆಯುವ ಮಾತನ್ನೂ ತೆರಿಗೆಯ ಮಾತನ್ನೂ ಆಡಿತು. 2007ನೆಯ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಮಾತ್ರ ನಿಷಿದ್ಧವಾಯಿತು.

ಈ ಕಾಲದಲ್ಲಿ ಬಳಕೆಗೆ ಬಂದ ಸಮಾಸಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದರೆ ಅರ್ಥಚ್ಛಾಯೆಗಳು ಸ್ಪಷ್ಟವಾಗುವುವು. 'ನಿರೋಧ'ದಲ್ಲಿರುವುದು ರುಧ್ ಧಾತು, ದಾರಿಯನ್ನು ಕಟ್ಟುವುದು. 'ನಿಷೇಧ'ವೆಂದರೆ ಕೂಡದೆಂದು ಆಜ್ಞಾಪಿಸಿ ಅಟ್ಟುವುದು. ಇವೆರಡರ ಕರ್ತೃವು ಸರ್ಕಾರ, ಕುಡಿಯುವವನು ಕರ್ಮ. 'ಸಂಯಮ'ದಲ್ಲಿರುವುದು ಯಮ್ ಧಾತು, ಕಡಿವಾಣದಿಂದ ಕುದುರೆಯನ್ನು ಹಿಡಿಯುವಂತೆ ಹಿಡಿಯುವುದು. ಇಲ್ಲಿ ಹಿಡಿಯುವವನೂ ಹಿಡಿಯಲ್ಪಡುವವನೂ ಒಬ್ಬನೇ. 'ವರ್ಜನ'ವೆಂದರೆ ಮುಖ ತಿರುಗಿಸಿ ಬಿಡುವುದು; 'ವಿರತಿ' ಎಂದರೆ ನಿಲ್ಲುವುದು; 'ಮಿತಪಾನ'ದ ಮಿತವು ಅಳೆಯುವುದು, ಆದ್ದರಿಂದ ಅದು ತ್ಯಾಗವಲ್ಲ. 'ವ್ಯಸನಮುಕ್ತಿ' ಎಂಬಲ್ಲಿ ವ್ಯಸನವೇ ಸೆರೆ, ಮನುಷ್ಯನು ಸೆರೆಯಾಳು. ರಾಜ್ಯದಲ್ಲಿರುವ ಮಂಡಳಿಯೊಂದು ನಿಷೇಧವನ್ನು ಬಿಟ್ಟು 'ಮದ್ಯಪಾನ ಸಂಯಮ ಮಂಡಳಿ' ಎಂಬ ಹೆಸರನ್ನು ತಾಳಿದೆ. ಧರ್ಮಸ್ಥಳದ ಆಶ್ರಯದಲ್ಲಿ ಜನಜಾಗೃತಿ ವೇದಿಕೆಯು ಊರೂರುಗಳಲ್ಲಿ ನಡೆಸುವುದು 'ಮದ್ಯವರ್ಜನ ಶಿಬಿರ'. 'ಜಾಗೃತಿ' ಎಂಬುದು ಎಚ್ಚರವೆಂಬುದರ ಸಂಸ್ಕೃತರೂ‍ಪವೇ ಸರಿ. ಇಳಕಲ್ಲಿನ ಚಿತ್ತರಗಿ ಮಠದ ಮಹಾಂತ ಶಿವಯೋಗಿಗಳು ಜೋಳಿಗೆಯನ್ನು ಹಿಡಿದು ಊರೂರು ತಿರುಗಿ, ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1 ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲ್ಪಡುತ್ತಿದೆ. ಜೋಳಿಗೆಯ ಈ ಕ್ರಮದಲ್ಲಿ ಕುಡಿಯುವವನು ಅಪರಾಧಿಯಲ್ಲ, ಸೆರೆಯಾಳೂ ಅಲ್ಲ, ದಾನಿ. ಕೊಟ್ಟುದನ್ನು ಮರಳಿ ಕೇಳುವುದು ದಾನಿಗೆ ಒಪ್ಪುವುದಿಲ್ಲವೆಂಬ ಲೋಕಮರ್ಯಾದೆಯೇ ಅಲ್ಲಿ ವ್ರತವನ್ನು ಕಾಯುತ್ತದೆ.

ನ್ಯಾಯಶಾಸನದಲ್ಲಿ ಮತ್ತೊಂದು ಶಬ್ದವು ನಿಂತಿದೆ. 1872ರ ಭಾರತೀಯ ಕರಾರು ಅಧಿನಿಯಮವು ಕರಾರನ್ನು ಮಾಡುವವನು ಸ್ವಸ್ಥಚಿತ್ತನಾಗಿರಬೇಕೆಂದು ವಿಧಿಸಿ, ಷರತ್ತುಗಳನ್ನು ತಿಳಿಯಲಾರದಷ್ಟು ಕುಡಿದವನನ್ನು ಜ್ವರದ ಸನ್ನಿಯಲ್ಲಿರುವವನೊಡನೆ ಒಂದೇ ದೃಷ್ಟಾಂತದಲ್ಲಿ ಸೇರಿಸಿದೆ; ಆ ಅವಸ್ಥೆಯು ಇರುವಷ್ಟು ಹೊತ್ತು ಮಾತ್ರ ಅವನು ಅನರ್ಹನು. 'ಸ್ವಸ್ಥ'ನೆಂದರೆ ತನ್ನಲ್ಲಿ ತಾನು ನಿಂತವನು. ಮರಣಶಾಸನಗಳಲ್ಲಿಯೂ ಕ್ರಯಪತ್ರಗಳಲ್ಲಿಯೂ ಬರುವ 'ಸ್ವಸ್ಥಚಿತ್ತದಿಂದ' ಎಂಬ ಮಾತಿನ ಬೆಲೆಯು ಇದು. ಅಮಲು ಪರರ ಆಳಿಕೆಯಾದರೆ ಸ್ವಾಸ್ಥ್ಯವು ಸ್ವರಾಜ್ಯ. ಮೋಟಾರು ವಾಹನಗಳ 1988ರ ಶಾಸನವಾದರೋ ಚಿತ್ತವನ್ನು ಬಿಟ್ಟು ಅಳತೆಯನ್ನು ಹಿಡಿಯಿತು: 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಮಿಗೆ ಮೀರಿದ ಮದ್ಯಸಾರವಿದ್ದವನು ವಾಹನವನ್ನು ನಡೆಸಿದರೆ ಅಪರಾಧ. ಬನಶಂಕರಿ ಅಥವಾ ಬಿ.ಟಿ.ಎಂ. ಬಡಾವಣೆಯ ವೃತ್ತದಲ್ಲಿ ರಾತ್ರಿ ಸಂಚಾರದ ಪೊಲೀಸರು ಯಂತ್ರಕ್ಕೆ ಊದಿಸುವಾಗ ಅವರು ನೋಡುವುದು ಎಚ್ಚರವನ್ನಲ್ಲ, ಸಂಖ್ಯೆಯನ್ನು. ಸಂಖ್ಯೆಯ ಕೆಳಗಿರುವವನೂ ಮೈಮರೆತವನಾಗಿರಬಹುದು. ಆದರೂ ರಸ್ತೆಯ ಮೇಲಣ ಪ್ರಾಣಗಳನ್ನು ಕಾಯಲು ಶಾಸನಕ್ಕೆ ಒಂದು ಗೆರೆ ಬೇಕೇ ಬೇಕು.

ಕಡೆಯದಾಗಿ, ಮನುಷ್ಯನ ಹೆಸರು. 'ಕುಡುಕ' ಎಂಬುದು ತಿರುಕ, ಕೆಡುಕ ಎಂಬವುಗಳಂತೆ ಕೃದಂತ. ಈ ಜಾತಿಯ ಶಬ್ದಗಳು ಒಮ್ಮೆ ಮಾಡಿದುದನ್ನು ಹೇಳದೆ ಸ್ವಭಾವವನ್ನೇ ಹೇಳುವುವು. ಒಂದು ದಿನ ಬೇಡಿದವನು ತಿರುಕನಲ್ಲ. ಬೇಡುವುದನ್ನೇ ಬಾಳಾಗಿ ಮಾಡಿಕೊಂಡವನು ತಿರುಕ. ಆದಕಾರಣ ಕುಡಿಯುವುದನ್ನು ಬಿಟ್ಟು ಹತ್ತು ವರ್ಷಗಳಾದವನಿಗೂ ಊರಿನಲ್ಲಿ ಆ ಹೆಸರು ಅಂಟಿಕೊಂಡೇ ಇರುವುದು, ಏಕೆಂದರೆ ಪ್ರತ್ಯಯವು ಕಾಲವನ್ನು ಲೆಕ್ಕಿಸುವುದಿಲ್ಲ. ಬಿಟ್ಟವನಿಗೆ ಮರ್ಯಾದೆಯ ಒಂದು ಹೆಸರು ರೂಢಿಯಲ್ಲಿಲ್ಲದಿದ್ದರೆ ಮನೆಯವರೂ ನೆರೆಯವರೂ ಹಳೆಯ ಹೆಸರನ್ನೇ ಹೇಳುವರು. ಹಳೆಯ ಹೆಸರನ್ನು ಕೇಳುತ್ತಿರುವವನಿಗೆ ಹಳೆಯ ದಾರಿಯು ಹತ್ತಿರವಾಗಿಯೇ ಇರುವುದು. ಮದ್ಯವರ್ಜನ ಶಿಬಿರಗಳಿಂದ ಹೊರಬಂದವರು 'ನವಜೀವನ ಸಮಿತಿ'ಗಳಲ್ಲಿ ಸೇರಿ ನವಜೀವನ ಸದಸ್ಯರೆಂದು ಕರೆಯಲ್ಪಡುವುದು ಈ ಕೊರತೆಯನ್ನು ತುಂಬುವ ಪ್ರಯತ್ನ. ಅದರಲ್ಲಿ ಮದ್ಯದ ಹೆಸರೇ ಇಲ್ಲವೆಂಬುದು ಅದರ ಗುಣ. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಲ್ಕೋಹಾಲಿಕ್ಸ್ ಅನಾನಿಮಸ್ ಎಂಬ ಸಂಘವು ವಿರುದ್ಧವಾದ ದಾರಿಯನ್ನು ಹಿಡಿದಿದೆ: ಅಲ್ಲಿಯವರು ತಮ್ಮ ಮನೆತನದ ಹೆಸರನ್ನು ಮರೆಮಾಡಿ, ವ್ಯಸನಿಯೆಂಬುದನ್ನು ತಾವೇ ಒಪ್ಪಿ ಹೇಳುವರು. ಪರರು ಅಂಟಿಸಿದರೆ ಕಳಂಕವಾಗುವ ಹೆಸರು ತಾನೇ ಹೇಳಿಕೊಂಡರೆ ಎಚ್ಚರವಾಗಬಹುದೆಂಬುದು ಅವರ ಅಭಿಪ್ರಾಯ. ಹೆಂಡದ ಮಾರಯ್ಯನ ಹೆಸರು ಉಳಿದುದೂ ಈ ನ್ಯಾಯದಿಂದಲೇ ಎನ್ನಬಹುದು.

ಫ. ಕಿಟ್ಟೆಲರ ಕೋಶವು 1894ರಲ್ಲಿ ಮಂಗಳೂರಿನಿಂದ ಹೊರಬಂದಿತು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಎಂಟು ಸಂಪುಟಗಳಲ್ಲಿ ಪೂರ್ಣವಾಯಿತು. ಅದರ ಪ್ರಧಾನಸಂಪಾದಕರಲ್ಲಿ ಪ್ರಸಿದ್ಧರಾದ ಜಿ. ವೆಂಕಟಸುಬ್ಬಯ್ಯನವರು ಜಯನಗರದ ನಿವಾಸಿಗಳಾಗಿದ್ದು 2021ರಲ್ಲಿ ತಮ್ಮ 107ನೆಯ ವಯಸ್ಸಿನಲ್ಲಿ ದಿವಂಗತರಾದರು. ಇಂಥ ಕೋಶಗಳ ಮುಂದಣ ಪರಿಷ್ಕರಣಗಳಲ್ಲಿ ಮೇಲ್ಕಂಡ ಶಬ್ದಗಳನ್ನು ಒಂದಕ್ಕೊಂದು ಪರ್ಯಾಯವೆಂದು ಕೊಡದೆ ಬೇರೆ ಬೇರೆಯಾಗಿ ನಿರ್ಣಯಿಸುವುದು ಉಚಿತ. ಸರ್ಕಾರದ ತಡೆಗೆ ನಿರೋಧ, ನಿಷೇಧಗಳು. ವ್ಯಕ್ತಿಯ ಬಿಡುವಿಕೆಗೆ ವರ್ಜನ, ವಿರತಿಗಳು. ತನ್ನನ್ನು ತಾನು ಹಿಡಿಯುವ ಶಕ್ತಿಗೆ ಸಂಯಮ. ಶಾಸನಕ್ಕೆ ಬೇಕಾದ ಅರ್ಹತೆಗೆ ಸ್ವಸ್ಥಚಿತ್ತತೆ. ಅಮಲಿಲ್ಲದ ಆ ಹೊತ್ತಿನ ಸ್ಥಿತಿಗೆ ಎಚ್ಚರ. ಬಿಟ್ಟ ಮೇಲೆ ನಿಧಾನವಾಗಿ ಬರುವ ಮನಸ್ಸಿನ ಸ್ಥಿತಿಗೆ ತಿಳಿವು. ಸಂಯಮವೆಂಬ ಒಂದೇ ಶಬ್ದವನ್ನು ಎಲ್ಲಕ್ಕೂ ಹಾಕಿದರೆ, ಬಿಡಲು ಹೆಣಗುತ್ತಿರುವ ರೋಗಿಯನ್ನು ಮನಸ್ಸಿನ ದುರ್ಬಲನೆಂದು ಜರೆದಂತಾಗುವುದು. ನಿಷೇಧವೆಂಬುದನ್ನೇ ಹಾಕಿದರೆ ಅವನ ಸ್ವಂತ ಪ್ರಯತ್ನವನ್ನು ಮರೆತಂತಾಗುವುದು. ಶಾಲೆಗಳಲ್ಲಿ ಸಾಹಿತ್ಯವನ್ನು ಬೋಧಿಸುವವರು ಸಮಾನಾರ್ಥಕಪದಗಳ ಪಾಠದಲ್ಲಿ ಈ ಭೇದಗಳನ್ನು ತೋರಿಸಿಕೊಟ್ಟರೆ, ಆ ಪಾಠವು ಪರೀಕ್ಷೆಗೆ ಮಾತ್ರವಲ್ಲದೆ ಕೆಲವು ಮನೆಗಳಿಗೂ ಉಪಯೋಗವಾದೀತು.